ಅನ್ನನಾಳದ ಹುಟ್ಟುನ್ಯೂನತೆ: ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳು

ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮಗುವಿನ ಬಾಯಿ, ಮೂಗುಗಳಿಂದ ನೊರೆಯಂತಹ ಜೊಲ್ಲು ಸುರಿಯತೊಡಗುತ್ತದೆ. ಒರೆಸಿದಷ್ಟೂ ಮತ್ತೆ ತುಂಬಿಕೊಳ್ಳುತ್ತದೆ. ಎದೆಹಾಲು ಕುಡಿಸಲು ಹೋದರೆ ಮಗು ಕೆಮ್ಮುತ್ತದೆ, ಉಸಿರು ಕಟ್ಟಿ ನೀಲಿಗಟ್ಟುತ್ತದೆ. ವೈದ್ಯರು ಬಾಯಿಯ ಮೂಲಕ ಒಂದು ರಬ್ಬರ್ ನಳಿಕೆಯನ್ನು ಇಳಿಸಿ ನೋಡುತ್ತಾರೆ. ಸುಮಾರು 10 ಸೆಂಟಿಮೀಟರ್ ಒಳಹೋಗುವಷ್ಟರಲ್ಲಿ ನಳಿಕೆ ತಡೆದು ನಿಲ್ಲುತ್ತದೆ. ಎಕ್ಸ್-ರೇ ತೆಗೆದರೆ ಅದು ಎದೆಯ ಮೇಲ್ಭಾಗದಲ್ಲಿಯೇ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ. ಮಗುವಿನ ಅನ್ನನಾಳ ಅಲ್ಲಿಗೇ ಮುಗಿದಿದೆ ಎಂದು ಅರ್ಥ.

ವೈದ್ಯವಿಜ್ಞಾನ ಈ ನ್ಯೂನತೆಯನ್ನು ಈಸೋಫೇಜಿಯಲ್ ಅಟ್ರೀಷಿಯಾ ಎಂದು ಕರೆಯುತ್ತದೆ. ಸುಮಾರು 2,500ರಿಂದ 4,500 ಜನನಗಳಿಗೆ ಒಂದರಂತೆ ಇದು ಕಂಡುಬರುತ್ತದೆ. ಮಗು ಹುಟ್ಟಿದ ಒಂದೆರಡು ದಿನಗಳಲ್ಲಿ ಶಸ್ತ್ರಚಿಕಿತ್ಸೆ ನಡೆಸಿ ಅನ್ನನಾಳವನ್ನು ಜೋಡಿಸುವುದು ಇದಕ್ಕಿರುವ ಪರಿಹಾರ. ‘ಎರಡು ದಿನದ ಹಸುಳೆಗೆ ಅಪರೂಪದ ಶಸ್ತ್ರಚಿಕಿತ್ಸೆ ಯಶಸ್ವಿ’ ಎಂಬ ಶೀರ್ಷಿಕೆಯ ಸುದ್ದಿಗಳನ್ನು ಓದುಗರು ಹಲವು ಬಾರಿ ಕಂಡಿರಬಹುದು. ಅಂತಹ ಪತ್ರಿಕಾ ಪ್ರಕಟಣೆಗಳು ನಮ್ಮ ಸುದ್ದಿಮನೆಗೂ ಬರುತ್ತವೆ, ಭಾವಚಿತ್ರದೊಡನೆ ಪ್ರಕಟವಾಗುತ್ತವೆ. ಆ ಮಗುವಿಗೆ ಆರು ತಿಂಗಳ ನಂತರ ಏನಾಯಿತು ಎಂದು ವಿಚಾರಿಸಲು ನಾವು ಪತ್ರಕರ್ತರು ಹಿಂದಿರುಗಿ ಹೋಗುವುದು ಅಪರೂಪ.

ಆದರೆ ಈ ಕಾಯಿಲೆಯ ಕಥೆಯಲ್ಲಿ ಹೆಚ್ಚಿನ ಭಾಗ ನಡೆಯುವುದು ಆ ನಂತರವೇ. ಜೋಡಿಸಿದ ಅನ್ನನಾಳ ಸೋರಬಹುದು, ಕಿರಿದಾಗಬಹುದು, ಮುಚ್ಚಿದ ರಂಧ್ರ ಮತ್ತೆ ತೆರೆದುಕೊಳ್ಳಬಹುದು. ಈ ತೊಡಕುಗಳಲ್ಲಿ ಬಹುಪಾಲು ಯಾವ ಕಾಲಕ್ಕೆ, ಯಾವ ಲಕ್ಷಣದೊಂದಿಗೆ ಬರುತ್ತವೆ ಎಂಬುದು ವೈದ್ಯರಿಗೆ ಚೆನ್ನಾಗಿ ತಿಳಿದಿದೆ. ಬಹುತೇಕ ಎಲ್ಲಕ್ಕೂ ಚಿಕಿತ್ಸೆಯೂ ಉಂಟು. ಮನೆಯವರಿಗೆ ಅವು ತಿಳಿಯದೇ ಹೋದಾಗ ಮಾತ್ರ, ಬದುಕಿಸಿದ ಮಗುವನ್ನು ಮತ್ತೆ ಕಳೆದುಕೊಳ್ಳುವ ಪ್ರಸಂಗ ಎದುರಾಗುತ್ತದೆ.

ನ್ಯೂನತೆಯ ಸ್ವರೂಪ

ಗರ್ಭಧಾರಣೆಯ ನಂತರದ ನಾಲ್ಕನೆಯ–ಐದನೆಯ ವಾರದಲ್ಲಿ ಭ್ರೂಣದ ಒಂದೇ ಕೊಳವೆ ಎರಡಾಗಿ ಬೇರ್ಪಟ್ಟು, ಮುಂದಿನದು ಶ್ವಾಸನಾಳವಾಗಿಯೂ ಹಿಂದಿನದು ಅನ್ನನಾಳವಾಗಿಯೂ ರೂಪುಗೊಳ್ಳುತ್ತವೆ. ಈ ಬೇರ್ಪಡೆ ಸರಿಯಾಗಿ ನಡೆಯದಿದ್ದರೆ ಅನ್ನನಾಳ ನಡುವೆ ತುಂಡಾಗಿ ಉಳಿಯುತ್ತದೆ. ಸುಮಾರು ಶೇ 85ರಷ್ಟು ಮಕ್ಕಳಲ್ಲಿ ಮೇಲಿನ ತುಂಡು ಕುರುಡು ಚೀಲದಂತೆ ಮುಚ್ಚಿಕೊಂಡಿದ್ದು, ಕೆಳಗಿನ ತುಂಡು ಶ್ವಾಸನಾಳಕ್ಕೆ ಅಂಟಿಕೊಂಡು ತೆರೆದಿರುತ್ತದೆ. ಈ ಕಳ್ಳದಾರಿಗೆ ಫಿಸ್ಟುಲಾ ಎಂದು ಹೆಸರು. ಮಗು ಉಸಿರಾಡಿದಾಗ ಗಾಳಿ ಈ ದಾರಿಯಿಂದ ಜಠರಕ್ಕೆ ನುಗ್ಗುತ್ತದೆ. ಅದೇ ದಾರಿಯಿಂದ ಜಠರದ ಆಮ್ಲ ಮೇಲೇರಿ ಶ್ವಾಸಕೋಶವನ್ನು ಸೇರುತ್ತದೆ. ಮೇಲಿನಿಂದ ಜೊಲ್ಲು, ಕೆಳಗಿನಿಂದ ಆಮ್ಲ: ಚಿಕಿತ್ಸೆ ತಡವಾದಷ್ಟೂ ನ್ಯುಮೋನಿಯಾ ಬಲವಾಗುತ್ತದೆ.

ಉಳಿದವರಲ್ಲಿ ಕೆಲವರಿಗೆ ಕಳ್ಳದಾರಿಯೇ ಇಲ್ಲದೆ ಎರಡು ತುಂಡುಗಳ ನಡುವೆ ದೊಡ್ಡ ಅಂತರವಿರುತ್ತದೆ. ಇನ್ನು ಕೆಲವರಲ್ಲಿ ಅನ್ನನಾಳ ಅಖಂಡವಾಗಿದ್ದು, ಶ್ವಾಸನಾಳಕ್ಕೆ ಒಂದು ಸಣ್ಣ ರಂಧ್ರ ಮಾತ್ರ ಇರುತ್ತದೆ. ಈ ಕೊನೆಯ ಬಗೆ ತಿಂಗಳುಗಟ್ಟಲೆ ಪತ್ತೆಯಾಗದೆ ಉಳಿಯುವುದುಂಟು.

ಇಂತಹ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಬೇರೆ ನ್ಯೂನತೆಗಳೂ ಜೊತೆಗಿರುತ್ತವೆ. ಹೃದಯದ ದೋಷ ಅವುಗಳಲ್ಲಿ ಮುಖ್ಯವಾದುದು. ಬೆನ್ನುಮೂಳೆ, ಗುದದ್ವಾರ, ಮೂತ್ರಪಿಂಡ, ಕೈಮೂಳೆಗಳಲ್ಲಿಯೂ ತೊಂದರೆ ಇರಬಹುದು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಲೂಯಿಸ್ ಸ್ಪಿಟ್ಜ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಹುಟ್ಟಿದಾಗಿನ ತೂಕ ಒಂದೂವರೆ ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದು, ಹೃದಯದ ದೊಡ್ಡ ದೋಷವಿಲ್ಲದ ಮಕ್ಕಳಲ್ಲಿ ಶೇ 97ರಷ್ಟು ಬದುಕುಳಿದಿದ್ದರು. ಈ ಎರಡರಲ್ಲಿ ಒಂದು ಪ್ರತಿಕೂಲವಾಗಿದ್ದರೆ ಶೇ 59, ಎರಡೂ ಪ್ರತಿಕೂಲವಾಗಿದ್ದರೆ ಶೇ 22. ಆ ನಂತರದ ವರ್ಷಗಳಲ್ಲಿ ನವಜಾತ ಶಿಶುಗಳ ಆರೈಕೆ ಸುಧಾರಿಸಿ, ಕೊನೆಯ ಎರಡು ಗುಂಪುಗಳ ಸ್ಥಿತಿಯೂ ಮುಂದುವರಿದ ದೇಶಗಳಲ್ಲಿ ಸಾಕಷ್ಟು ಉತ್ತಮಗೊಂಡಿದೆ.

1941ರ ಆ ಹೆಣ್ಣುಮಗು

ಅನ್ನನಾಳ ತುಂಡಾಗಿ ಹುಟ್ಟುವ ಮಕ್ಕಳ ಬಗ್ಗೆ ಹದಿನೇಳನೆಯ ಶತಮಾನದಿಂದಲೇ ದಾಖಲೆಗಳಿವೆ. 1697ರಲ್ಲಿ ಇಂಗ್ಲೆಂಡಿನ ಥಾಮಸ್ ಗಿಬ್ಸನ್ ಕಳ್ಳದಾರಿ ಸಹಿತವಾದ ಬಗೆಯನ್ನು ವಿವರಿಸಿದ್ದ. ಆದರೆ ಮುಂದಿನ ಎರಡು ಶತಮಾನಕ್ಕೂ ಹೆಚ್ಚು ಕಾಲ ಇಂತಹ ಮಕ್ಕಳು ಸಾಯುತ್ತಲೇ ಇದ್ದರು. 1939ರಲ್ಲಿ ಅಮೆರಿಕದ ಇಬ್ಬರು ಶಸ್ತ್ರಚಿಕಿತ್ಸಕರು, ಲೋಗನ್ ಲೆವೆನ್ ಹಾಗೂ ವಿಲಿಯಂ ಲ್ಯಾಡ್, ಹೊಟ್ಟೆಯ ಮೂಲಕ ನೇರವಾಗಿ ಆಹಾರ ಕೊಟ್ಟು, ಹಂತಹಂತವಾಗಿ ಶಸ್ತ್ರಚಿಕಿತ್ಸೆ ನಡೆಸಿ ತಲಾ ಒಂದು ಮಗುವನ್ನು ಉಳಿಸಿಕೊಂಡರು.

ಅನ್ನನಾಳದ ಎರಡೂ ತುದಿಗಳನ್ನು ಒಂದೇ ಬಾರಿಗೆ ಹೊಲಿದು ಜೋಡಿಸುವಲ್ಲಿ ಮೊದಲು ಯಶಸ್ಸು ಕಂಡವರು ಮಿಷಿಗನ್ ವಿಶ್ವವಿದ್ಯಾಲಯದ ಕ್ಯಾಮೆರಾನ್ ಹೈಟ್. ಅದಕ್ಕೂ ಹಿಂದಿನ ಅವರ ಪ್ರಯತ್ನಗಳು ವಿಫಲವಾಗಿದ್ದವು. 1941ರ ಮಾರ್ಚ್‌ನಲ್ಲಿ 12 ದಿನದ ಒಂದು ಹೆಣ್ಣುಮಗುವಿಗೆ ಅವರು ನಡೆಸಿದ ಶಸ್ತ್ರಚಿಕಿತ್ಸೆ ಫಲಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮಗುವಿನ ಜೋಡಣೆಯೂ ಸೋರಿತ್ತು. ಮತ್ತೊಂದು ಶಸ್ತ್ರಚಿಕಿತ್ಸೆ ಇಲ್ಲದೆಯೇ ಸೋರಿಕೆ ನಿಂತಿತು. ಆನಂತರ ಜೋಡಣೆಯ ಜಾಗ ಕಿರಿದಾಯಿತು. ಒಮ್ಮೆ ಹಿಗ್ಗಿಸಿದ ಮೇಲೆ ಸರಿಹೋಯಿತು. ಅಂದರೆ ಇಂದು ಪಠ್ಯಪುಸ್ತಕಗಳು ಪಟ್ಟಿ ಮಾಡುವ ಎರಡು ಪ್ರಮುಖ ತೊಡಕುಗಳೂ ಯಶಸ್ವಿಯಾದ ಮೊಟ್ಟಮೊದಲ ಪ್ರಕರಣದಲ್ಲಿಯೇ ಕಾಣಿಸಿಕೊಂಡಿದ್ದವು.

ಇಂದಿನ ಶಸ್ತ್ರಚಿಕಿತ್ಸೆಯ ತತ್ವವೂ ಅದೇ. ಸಾಮಾನ್ಯವಾಗಿ ಬಲ ಪಕ್ಕೆಯ ಎಲುಬುಗಳ ನಡುವೆ ಎದೆಯನ್ನು ತೆರೆದು, ಕಳ್ಳದಾರಿಯನ್ನು ಬೇರ್ಪಡಿಸಿ ಮುಚ್ಚಿ, ಅನ್ನನಾಳದ ಎರಡು ತುದಿಗಳನ್ನು ಕೂದಲೆಳೆಯಂತಹ ದಾರದಿಂದ ಹೊಲಿಯಲಾಗುತ್ತದೆ. 1999–2000ರ ನಂತರ ಕೆಲವು ಕೇಂದ್ರಗಳಲ್ಲಿ ಸಣ್ಣ ರಂಧ್ರಗಳ ಮೂಲಕ, ಕ್ಯಾಮೆರಾ ನೆರವಿನಿಂದಲೂ ಇದನ್ನು ಮಾಡಲಾಗುತ್ತಿದೆ.

ಮೊದಲ ವಾರ: ಸೋರಿಕೆ

ನವಜಾತ ಶಿಶುವಿನ ಅನ್ನನಾಳದ ಗೋಡೆ ತೀರಾ ತೆಳು. ಎರಡು ತುದಿಗಳನ್ನು ಎಳೆದು ಜೋಡಿಸಿದಾಗ ಹೊಲಿಗೆಯ ಮೇಲೆ ಬಿಗಿತ ಬೀಳುತ್ತದೆ. ಕೆಳಗಿನ ತುಂಡಿಗೆ ರಕ್ತ ಪೂರೈಕೆಯೂ ಕಡಿಮೆ. ಹೀಗಾಗಿ ಶೇ 10ರಿಂದ 20ರಷ್ಟು ಮಕ್ಕಳಲ್ಲಿ ಜೋಡಣೆ ಸೋರುತ್ತದೆ ಎಂದು ಆಸ್ಪತ್ರೆಗಳ ವರದಿಗಳು ಹೇಳುತ್ತವೆ. ಎದೆಯಿಂದ ಹೊರಬಂದಿರುವ ನಳಿಕೆಯಲ್ಲಿ ಜೊಲ್ಲು ಕಾಣಿಸಿಕೊಳ್ಳುವುದು ಇದರ ಮೊದಲ ಸುಳಿವು. ಹೆಚ್ಚಿನವು ಸಣ್ಣ ಸೋರಿಕೆಗಳು. ಬಾಯಿಯಿಂದ ಏನನ್ನೂ ಕೊಡದೆ, ರಕ್ತನಾಳದ ಮೂಲಕ ಪೋಷಕಾಂಶ ಮತ್ತು ಆ್ಯಂಟಿಬಯಾಟಿಕ್ ಕೊಡುತ್ತಾ ಕಾದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಮೊದಲ 48 ಗಂಟೆಗಳಲ್ಲಿ ಜೋಡಣೆಯೇ ಕಿತ್ತುಹೋಗುವುದು ಬೇರೆಯೇ ಮಾತು. ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಗ್ಗುತ್ತದೆ, ಮಗುವಿನ ಸ್ಥಿತಿ ನಿಮಿಷಗಳಲ್ಲಿ ಹದಗೆಡುತ್ತದೆ, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅದೃಷ್ಟವಶಾತ್ ಇದು ವಿರಳ. ಬಿಗಿತ ಹೆಚ್ಚೆನಿಸಿದ ಜೋಡಣೆಗಳಲ್ಲಿ ಕೆಲವು ಶಸ್ತ್ರಚಿಕಿತ್ಸಕರು ಮಗುವನ್ನು ಕೆಲವು ದಿನ ನಿಶ್ಚಲವಾಗಿ, ವೆಂಟಿಲೇಟರ್‌ನಲ್ಲಿ, ಗದ್ದ ಎದೆಗೆ ತಾಗುವಂತೆ ಕತ್ತು ಬಾಗಿಸಿ ಮಲಗಿಸುವುದು ಇದೇ ಕಾರಣಕ್ಕೆ. ತೀವ್ರ ನಿಗಾ ಘಟಕದ ಗಾಜಿನಾಚೆಯಿಂದ ನೋಡುವ ತಂದೆ–ತಾಯಿಗೆ ಮಗು ಅಲುಗಾಡದಿರುವುದು ದಿಗಿಲು ಹುಟ್ಟಿಸುತ್ತದೆ. ವೈದ್ಯರು ಮೊದಲೇ ಒಂದು ಮಾತು ಹೇಳಿದ್ದರೆ ಆ ದಿಗಿಲನ್ನು ತಪ್ಪಿಸಬಹುದು.

ಐದರಿಂದ ಏಳು ದಿನಗಳ ನಂತರ ಎಕ್ಸ್-ರೇಯಲ್ಲಿ ಕಾಣುವಂತಹ ದ್ರವವನ್ನು ಕುಡಿಸಿ ಪರೀಕ್ಷಿಸುವುದು ವಾಡಿಕೆ. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಬಾಯಿಯಿಂದ ಹಾಲು ಆರಂಭವಾಗುತ್ತದೆ.

ಕಿರಿದಾಗುವ ಜೋಡಣೆ

ಗಾಯ ಮಾಯುವಾಗ ಅದರ ಅಂಚು ಕುಗ್ಗುವುದು ಶರೀರಧರ್ಮ. ಚರ್ಮದ ಮೇಲಾದರೆ ಒಂದು ಕಲೆ ಉಳಿಯುತ್ತದೆ, ಅಷ್ಟೆ. ಉಂಗುರದಂತಹ ಹೊಲಿಗೆ ಕುಗ್ಗಿದರೆ ದಾರಿಯೇ ಕಿರಿದಾಗುತ್ತದೆ. ವೈದ್ಯರು ಸ್ಟ್ರಿಕ್ಚರ್ ಎನ್ನುವ ಈ ತೊಡಕು ಎಲ್ಲಕ್ಕಿಂತ ಸಾಮಾನ್ಯವಾದುದು. ಶಸ್ತ್ರಚಿಕಿತ್ಸೆಗೆ ಒಳಗಾದ ಮಕ್ಕಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಇದು ಬರುತ್ತದೆಂದು ಅಂದಾಜು. ಬಿಗಿತದಿಂದ ಹೊಲಿದ ಜೋಡಣೆ, ಮೊದಲ ವಾರದ ಸೋರಿಕೆ, ಜಠರದಿಂದ ಮೇಲೇರುವ ಆಮ್ಲ ಇವು ಇದರ ಸಾಧ್ಯತೆಯನ್ನು ಹೆಚ್ಚಿಸುತ್ತವೆ.

ಲಕ್ಷಣಗಳನ್ನು ಗುರುತಿಸುವುದು ಮನೆಯವರ ಕೈಯಲ್ಲಿಯೇ ಇದೆ. ಹತ್ತು–ಹದಿನೈದು ನಿಮಿಷದಲ್ಲಿ ಹಾಲು ಮುಗಿಸುತ್ತಿದ್ದ ಮಗು ಅರ್ಧ ಗಂಟೆ, ಮುಕ್ಕಾಲು ಗಂಟೆ ತೆಗೆದುಕೊಳ್ಳಬಹುದು. ಕುಡಿದ ಹಾಲನ್ನು ಮೊಸರಾಗದ ಹಾಲಿನಂತೆಯೇ ಹೊರಹಾಕಬಹುದು. ಜಠರವನ್ನು ತಲುಪಿದ ಹಾಲು ಒಡೆದಿರುತ್ತದೆ. ತಲುಪದೆ ಮೇಲೆಯೇ ನಿಂತದ್ದು ಒಡೆದಿರುವುದಿಲ್ಲ. ಪದೇ ಪದೇ ನೆತ್ತಿಗೇರುವುದು, ಬಾಯಲ್ಲಿ ಜೊಲ್ಲು ತುಂಬಿಕೊಳ್ಳುವುದು, ತೂಕ ಏರದಿರುವುದು ಕೂಡ ಸೂಚನೆಗಳು.

ಎದೆಹಾಲು ತೆಳುವಾದ ದ್ರವ. ದಾರಿ ಕಿರಿದಾಗಿದ್ದರೂ ಹೇಗೋ ಇಳಿಯುತ್ತದೆ. ಆದ್ದರಿಂದ ಆರು ತಿಂಗಳ ತನಕ ಎಲ್ಲ ಸರಿಯಿದೆಯೆಂದು ತೋರಿದ ಮಗುವಿಗೆ ಅನ್ನಪ್ರಾಶನದ ದಿನವೇ ತೊಂದರೆ ಎದುರಾಗುವುದುಂಟು. ಮೊದಲ ತುತ್ತು ಪಾಯಸದಲ್ಲಿನ ಅಕ್ಕಿಯೋ, ಹಿಸುಕಿದ ಬಾಳೆಹಣ್ಣೋ ಜೋಡಣೆಯ ಜಾಗದಲ್ಲಿ ಸಿಲುಕಿದಾಗ ನೆಂಟರಿಷ್ಟರ ನಡುವೆ ಮಗುವಿನ ಉಸಿರು ಕಟ್ಟುತ್ತದೆ. ಶಸ್ತ್ರಚಿಕಿತ್ಸೆ ಆಗಿರುವ ಮಗುವಿಗೆ ಘನಾಹಾರ ಆರಂಭಿಸುವ ಮುನ್ನ ವೈದ್ಯರಿಗೆ ಒಮ್ಮೆ ತೋರಿಸಿ ಬರುವುದು, ಮೊದಲು ತೆಳುವಾದ ರಾಗಿ ಗಂಜಿ ಅಥವಾ ಸೋಸಿದ ಬೇಳೆಯ ಕಟ್ಟಿನಿಂದ ಆರಂಭಿಸಿ ನಿಧಾನವಾಗಿ ಗಟ್ಟಿಯಾಗಿಸುವುದು ಒಳಿತು.

ಚಿಕಿತ್ಸೆಯೆಂದರೆ ಹಿಗ್ಗಿಸುವಿಕೆ. ಅರಿವಳಿಕೆ ಕೊಟ್ಟು, ಎಂಡೋಸ್ಕೊಪಿ ಅಥವಾ ಎಕ್ಸ್-ರೇ ನೆರವಿನಿಂದ ಕಿರಿದಾದ ಜಾಗಕ್ಕೆ ಸಣ್ಣ ಬಲೂನನ್ನು ಇಳಿಸಿ ಉಬ್ಬಿಸಲಾಗುತ್ತದೆ. ತುದಿ ಮೊನಚಾದ, ಕ್ರಮೇಣ ದಪ್ಪವಾಗುವ ಬೂಜಿ ಎಂಬ ಸಲಾಕೆಯನ್ನೂ ಬಳಸುವುದುಂಟು. ಹಲವರಿಗೆ ಎರಡು–ಮೂರು ಬಾರಿ ಸಾಕಾಗುತ್ತದೆ. ಕೆಲವರು ಎರಡು–ಮೂರು ವಾರಕ್ಕೊಮ್ಮೆ ತಿಂಗಳುಗಟ್ಟಲೆ ಬರಬೇಕಾಗುತ್ತದೆ. ಮತ್ತೆ ಮತ್ತೆ ಕುಗ್ಗುವ ಜಾಗಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು, ಮೈಟೋಮೈಸಿನ್ ಎಂಬ ಔಷಧಿಯ ಲೇಪನ, ತಾತ್ಕಾಲಿಕ ಸ್ಟೆಂಟ್ ಇವುಗಳನ್ನು ಪ್ರಯತ್ನಿಸಲಾಗುತ್ತದೆ. ಅದೂ ಫಲಿಸದಿದ್ದರೆ ಆ ಭಾಗವನ್ನೇ ಕತ್ತರಿಸಿ ಹೊಸದಾಗಿ ಜೋಡಿಸುವುದು ಕೊನೆಯ ದಾರಿ. ಹಿಗ್ಗಿಸುವಾಗ ಅನ್ನನಾಳ ಹರಿಯುವ ಅಪಾಯ ಅತ್ಯಲ್ಪ, ಆದರೆ ಇಲ್ಲವೆನ್ನುವಂತಿಲ್ಲ. ಮನೆಗೆ ಮರಳಿದ ದಿನ ಜ್ವರ, ವೇಗದ ಉಸಿರಾಟ, ನಿಲ್ಲದ ಅಳು ಕಂಡರೆ ಬೆಳಗಾಗಲೆಂದು ಕಾಯಬಾರದು.

ಲಕ್ಷಣವಿಲ್ಲದಿದ್ದರೂ ಎಲ್ಲ ಮಕ್ಕಳಿಗೂ ನಿಗದಿತ ದಿನಕ್ಕೆ ಹಿಗ್ಗಿಸುತ್ತಾ ಹೋಗಬೇಕೇ ಎಂಬ ಚರ್ಚೆ ಬಹುಕಾಲ ನಡೆದಿತ್ತು. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ–ಕರುಳು ತಜ್ಞರ ಸಂಘಟನೆಗಳು ಜಂಟಿಯಾಗಿ 2016ರಲ್ಲಿ ಹೊರತಂದ ಮಾರ್ಗಸೂಚಿ, ಅದರಿಂದ ಹೆಚ್ಚಿನ ಲಾಭವಿದೆ ಎಂಬುದಕ್ಕೆ ಆಧಾರವಿಲ್ಲವೆಂದು ಹೇಳಿತು. ಲಕ್ಷಣ ಕಂಡಾಗ ತಡಮಾಡದೆ ಪರೀಕ್ಷಿಸುವುದೇ ಸರಿ ಎಂಬುದು ಅದರ ನಿಲುವು. ಇದರಿಂದ ಲಕ್ಷಣಗಳನ್ನು ಗುರುತಿಸಬೇಕಾದ ತಂದೆ–ತಾಯಿಯ ಹೊಣೆ ಇನ್ನಷ್ಟು ಹೆಚ್ಚಿದಂತಾಯಿತು.

ಮೇಲೇರುವ ಆಮ್ಲ

ಜೋಡಿಸಿದ ಅನ್ನನಾಳ ಇತರರ ಅನ್ನನಾಳದಂತೆ ಅಲೆಅಲೆಯಾಗಿ ಸಂಕುಚಿಸುವುದಿಲ್ಲ. ಜಠರದ ಬಾಯಿಯೂ ಸಡಿಲವಾಗಿರುತ್ತದೆ. ಹೀಗಾಗಿ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಆಮ್ಲ ಮೇಲೇರುವ ರಿಫ್ಲಕ್ಸ್ ಸಮಸ್ಯೆ ಕಾಡುತ್ತದೆ. ಇತರ ಶಿಶುಗಳಲ್ಲಿ ಇದು ವರ್ಷ ತುಂಬುವ ಹೊತ್ತಿಗೆ ಕಡಿಮೆಯಾಗುತ್ತದೆ. ಈ ಮಕ್ಕಳಲ್ಲಿ ದೊಡ್ಡವರಾದ ಮೇಲೂ ಉಳಿಯಬಹುದು. ಮೇಲೆ ಹೇಳಿದ ಮಾರ್ಗಸೂಚಿ ಎಲ್ಲ ಮಕ್ಕಳಿಗೂ ಹುಟ್ಟಿನಿಂದಲೇ ಆಮ್ಲ ತಗ್ಗಿಸುವ ಔಷಧಿಯನ್ನು ಒಂದು ವರ್ಷದ ತನಕ, ಅಗತ್ಯವಿದ್ದರೆ ಮುಂದೆಯೂ ಕೊಡಬೇಕೆಂದು ಸೂಚಿಸಿತ್ತು. ಈ ಔಷಧಿ ಅನ್ನನಾಳದ ಒಳಪದರವನ್ನು ಕಾಪಾಡುತ್ತದೆ. ಜೋಡಣೆ ಕಿರಿದಾಗುವುದನ್ನು ತಡೆಯುತ್ತದೆ ಎಂಬುದು ಮಾತ್ರ ಅಧ್ಯಯನಗಳಲ್ಲಿ ಸಿದ್ಧವಾಗಿಲ್ಲ. ‘ಮಗು ಚೆನ್ನಾಗಿದೆ’ ಎಂದು ಔಷಧಿಯನ್ನು ಮನೆಯಲ್ಲಿಯೇ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

ಔಷಧಿಗೆ ಬಗ್ಗದ ಪ್ರಕರಣಗಳಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆಯಿದೆ. ಸಂಕುಚನ ಶಕ್ತಿಯಿಲ್ಲದ ಅನ್ನನಾಳಕ್ಕೆ ಬಿಗಿಯಾದ ಸುತ್ತು ಹಾಕಿದರೆ ಆಹಾರ ಇಳಿಯುವುದೇ ಕಷ್ಟವಾಗುವುದರಿಂದ ಇದನ್ನು ಅಳೆದು ತೂಗಿ ಮಾಡಬೇಕಾಗುತ್ತದೆ.

ಬೊಗಳಿದಂತಹ ಕೆಮ್ಮು

ಈ ಮಕ್ಕಳ ಕೆಮ್ಮನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಾಯಿ ಬೊಗಳಿದಂತೆ, ಹಿತ್ತಾಳೆಯ ಪಾತ್ರೆ ಬಡಿದಂತೆ ಇರುತ್ತದೆ. ಶ್ವಾಸನಾಳವನ್ನು ತೆರೆದಿಡುವುದು ಮೃದ್ವಸ್ಥಿಯ ಉಂಗುರಗಳು. ಅನ್ನನಾಳ ಸರಿಯಾಗಿ ಬೇರ್ಪಡದ ಮಕ್ಕಳಲ್ಲಿ ಈ ಉಂಗುರಗಳು ಗಟ್ಟಿಯಾಗಿರುವುದಿಲ್ಲ. ಉಸಿರು ಬಿಡುವಾಗ ನಾಳದ ಗೋಡೆಗಳು ಒಂದಕ್ಕೊಂದು ತಾಗುತ್ತವೆ. ಇದಕ್ಕೆ ಟ್ರೇಕಿಯೋಮಲೇಷಿಯಾ ಎಂದು ಹೆಸರು. ಅಲ್ಪ ಪ್ರಮಾಣದಲ್ಲಿ ಬಹುತೇಕ ಮಕ್ಕಳಲ್ಲಿ ಇರುತ್ತದೆ. ಸುಮಾರು ಶೇ 10ರಿಂದ 20ರಷ್ಟು ಮಂದಿಯಲ್ಲಿ ಚಿಕಿತ್ಸೆ ಬೇಕಾಗುವಷ್ಟು ತೀವ್ರವಾಗಿರುತ್ತದೆ.

ಎರಡು–ಮೂರು ತಿಂಗಳ ವಯಸ್ಸಿನಲ್ಲಿ, ಹಾಲು ಕುಡಿಯುವಾಗ ಅಥವಾ ಜೋರಾಗಿ ಅತ್ತಾಗ, ಮಗು ಇದ್ದಕ್ಕಿದ್ದಂತೆ ನೀಲಿಗಟ್ಟಿ ನಿಸ್ತೇಜವಾಗಿ ಬೀಳುವುದು ಇದರ ಭೀಕರ ರೂಪ. ಹಾಲಿನಿಂದ ಉಬ್ಬಿದ ಅನ್ನನಾಳ ಹಿಂದಿನಿಂದಲೂ, ದೊಡ್ಡ ರಕ್ತನಾಳ ಮುಂದಿನಿಂದಲೂ ಮೆತ್ತನೆಯ ಶ್ವಾಸನಾಳವನ್ನು ಒತ್ತಿದಾಗ ಹೀಗಾಗುತ್ತದೆ. ಜೋಡಣೆ ಕಿರಿದಾಗಿದ್ದರೆ ಅದರ ಮೇಲಿನ ಭಾಗ ಇನ್ನಷ್ಟು ಉಬ್ಬಿ ತೊಂದರೆ ಹೆಚ್ಚುತ್ತದೆ. ಇಂತಹ ಪ್ರಸಂಗ ಒಮ್ಮೆ ನಡೆದು ಮಗು ತಾನಾಗಿಯೇ ಚೇತರಿಸಿಕೊಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ‘ದೃಷ್ಟಿಯಾಗಿದೆ’ ಎಂದು ನಿವಾಳಿಸಿ ಸುಮ್ಮನಾದರೆ ಎರಡನೆಯ ಸಲ ಮಗು ಚೇತರಿಸಿಕೊಳ್ಳದೇ ಹೋಗಬಹುದು. ಮಹಾಪಧಮನಿಯನ್ನು ಮುಂದಕ್ಕೆಳೆದು ಎದೆಮೂಳೆಯ ಹಿಂಭಾಗಕ್ಕೆ ಹೊಲಿದು ಶ್ವಾಸನಾಳಕ್ಕೆ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಇಂತಹವರಿಗಾಗಿಯೇ ಇದೆ. ಸೌಮ್ಯ ಸ್ವರೂಪದವರಲ್ಲಿ ಒಂದೆರಡು ವರ್ಷ ತುಂಬುವಷ್ಟರಲ್ಲಿ ಮೃದ್ವಸ್ಥಿ ಬಲಗೊಂಡು ಉಸಿರಾಟ ಸುಧಾರಿಸುತ್ತದೆ. ಕೆಮ್ಮಿನ ಧ್ವನಿ ಮಾತ್ರ ಹಲವು ವರ್ಷ ಉಳಿಯಬಹುದು.

ಬಡಾವಣೆಯ ಚಿಕಿತ್ಸಾಲಯಗಳಲ್ಲಿ ಈ ಕೆಮ್ಮನ್ನು ಅಸ್ತಮಾ ಎಂದು ಭಾವಿಸಿ ವರ್ಷಗಟ್ಟಲೆ ಇನ್‌ಹೇಲರ್ ಕೊಡುವ ಸಂಭವವಿದೆ. ಎದೆಯ ಪಕ್ಕದಲ್ಲಿರುವ ಹಳೆಯ ಗಾಯದ ಗುರುತನ್ನು ತೋರಿಸಿ, ಶಸ್ತ್ರಚಿಕಿತ್ಸೆಯ ವಿವರವನ್ನು ಮೊದಲೇ ಹೇಳುವುದು ಅಗತ್ಯ.

ಮತ್ತೆ ತೆರೆಯುವ ಕಳ್ಳದಾರಿ

ಮುಚ್ಚಿದ ಫಿಸ್ಟುಲಾ ಶೇ 5ರಿಂದ 10ರಷ್ಟು ಮಕ್ಕಳಲ್ಲಿ ಮತ್ತೆ ತೆರೆದುಕೊಳ್ಳುತ್ತದೆ. ಕೆಲವು ವಾರಗಳಲ್ಲಿಯೂ ಆಗಬಹುದು, ಕೆಲವು ವರ್ಷಗಳ ನಂತರವೂ ಆಗಬಹುದು. ಹಾಲು ಅಥವಾ ನೀರು ಕುಡಿದಾಗಲೆಲ್ಲ ಕೆಮ್ಮು, ಪದೇ ಪದೇ ನ್ಯುಮೋನಿಯಾ, ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬುವುದು ಇದರ ಗುರುತು. ಕೆಮ್ಮು ದ್ರವ ಕುಡಿದಾಗ ಬರುತ್ತದೆಯೋ, ಗಟ್ಟಿ ಆಹಾರಕ್ಕೋ, ಅತ್ತಾಗಲೋ ಎಂಬುದನ್ನು ತಾಯಿ ಗಮನಿಸಿ ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯ ಎಕ್ಸ್-ರೇಯಲ್ಲಿ ಇದು ಕಾಣುವುದಿಲ್ಲ. ಮಗುವನ್ನು ಬೋರಲಾಗಿ ಮಲಗಿಸಿ, ನಳಿಕೆಯ ಮೂಲಕ ದ್ರವ ಹಾಯಿಸಿ ಚಿತ್ರ ತೆಗೆಯಬೇಕು. ಜೊತೆಗೆ ಶ್ವಾಸನಾಳದ ಒಳಗೆ ಕ್ಯಾಮೆರಾ ಇಳಿಸಿ ನೋಡಬೇಕು. ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಕೆಲವು ಕೇಂದ್ರಗಳಲ್ಲಿ ಎದೆ ತೆರೆಯದೆ, ರಂಧ್ರವನ್ನು ಒಳಗಿನಿಂದಲೇ ಸುಟ್ಟು ಅಥವಾ ಅಂಟು ಹಾಕಿ ಮುಚ್ಚಲಾಗುತ್ತದೆ.

ಶಸ್ತ್ರಚಿಕಿತ್ಸೆಯ ವೇಳೆ ಧ್ವನಿತಂತುವಿನ ನರಕ್ಕೆ ಪೆಟ್ಟಾಗಿ ಮಗುವಿನ ಅಳು ಕ್ಷೀಣವಾಗುವುದು, ಪಕ್ಕೆ ತೆರೆದ ಕಾರಣ ಮುಂದೆ ಬೆನ್ನುಮೂಳೆ ಓರೆಯಾಗುವುದು, ಒಂದು ಭುಜದ ಎಲುಬು ಉಬ್ಬಿ ಕಾಣುವುದು ಇವೂ ದಾಖಲಾಗಿರುವ ತೊಡಕುಗಳೇ.

ಎಟುಕದ ತುದಿಗಳು

ಎರಡು ತುಂಡುಗಳ ನಡುವಿನ ಅಂತರ ತೀರಾ ಹೆಚ್ಚಿದ್ದರೆ ಕೂಡಲೇ ಜೋಡಿಸಲಾಗುವುದಿಲ್ಲ. ಹೊಟ್ಟೆಗೆ ನಳಿಕೆ ಹಾಕಿ ಆಹಾರ ಕೊಡುತ್ತಾ ತಿಂಗಳುಗಟ್ಟಲೆ ಕಾಯುವುದು ಒಂದು ಕ್ರಮ. ಅಮೆರಿಕದ ಜಾನ್ ಫೋಕರ್ 1997ರಲ್ಲಿ ವಿವರಿಸಿದ, ತುದಿಗಳನ್ನು ದಾರದಿಂದ ದಿನವೂ ಸ್ವಲ್ಪ ಸ್ವಲ್ಪವೇ ಎಳೆದು ಬೆಳೆಸುವ ವಿಧಾನ ಇನ್ನೊಂದು. ಜಠರವನ್ನೇ ಎದೆಗೆ ಏರಿಸಿ ಅಥವಾ ದೊಡ್ಡಕರುಳಿನ ತುಂಡನ್ನು ಬಳಸಿ ಅನ್ನನಾಳವನ್ನು ನಿರ್ಮಿಸುವುದೂ ಉಂಟು. ಇಂತಹ ಮಕ್ಕಳ ಮೇಲಿನ ತುಂಡನ್ನು ಕುತ್ತಿಗೆಯ ಬಳಿ ಹೊರಕ್ಕೆ ತೆರೆದಿದ್ದರೆ, ಕುಡಿದದ್ದು ಅಲ್ಲಿಂದ ಹೊರಬರುತ್ತದೆ. ಹಾಗಿದ್ದರೂ ಬಾಯಿಗೆ ಸ್ವಲ್ಪ ಹಾಲು, ರುಚಿ ತೋರಿಸುತ್ತಿರಬೇಕೆಂದು ವೈದ್ಯರು ಹೇಳುವುದಕ್ಕೆ ಕಾರಣವಿದೆ. ಮೊದಲ ವರ್ಷ ನುಂಗಲು ಕಲಿಯದ ಮಗು, ಅನ್ನನಾಳ ಸಿದ್ಧವಾದ ಮೇಲೆ ಬಾಯಿ ತೆರೆಯಲು ಒಪ್ಪುವುದಿಲ್ಲ.

ಊಟದ ತಟ್ಟೆಯ ಮುಂದೆ

ಬೆಳೆದ ಮಗು ತುತ್ತಿಗೊಮ್ಮೆ ನೀರು ಕುಡಿಯುತ್ತದೆ, ಎಲ್ಲರಿಗಿಂತ ಕೊನೆಗೆ ಏಳುತ್ತದೆ. ಇದು ಹಟವಲ್ಲ, ಅನ್ನನಾಳ ತಾನಾಗಿ ತಳ್ಳದ್ದನ್ನು ನೀರಿನಿಂದ ಇಳಿಸುವ ಉಪಾಯ. ಶಾಲೆಯ ಶಿಕ್ಷಕರಿಗೆ ಇದನ್ನು ತಿಳಿಸಿ, ಊಟಕ್ಕೆ ಹೆಚ್ಚು ಸಮಯ ಮತ್ತು ಪಕ್ಕದಲ್ಲೊಂದು ನೀರಿನ ಬಾಟಲಿ ಸಿಗುವಂತೆ ನೋಡಿಕೊಳ್ಳಬೇಕು. ಕಡಲೆಬೀಜ, ಚಕ್ಕುಲಿ, ಸೇಬಿನ ಹೋಳು, ಮಾಂಸದ ತುಂಡು, ಒಣ ಚಪಾತಿ ಸಿಲುಕುವ ಪದಾರ್ಥಗಳು. ನಮ್ಮಲ್ಲಿ ಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಈ ಮಕ್ಕಳಿಗೆ ಆ ರೂಢಿ ಸಲ್ಲದು, ಅದೇ ರಾಗಿಯನ್ನು ಅಂಬಲಿ ಮಾಡಿ ಕೊಟ್ಟರೆ ತೊಂದರೆಯಿಲ್ಲ. ಜೋಡಣೆ ಸರಿಯಾಗಿದ್ದೂ ಆಹಾರ ಸಿಲುಕುತ್ತಿದ್ದರೆ ಅಲರ್ಜಿಯಿಂದ ಅನ್ನನಾಳ ಊದಿಕೊಳ್ಳುವ ಕಾಯಿಲೆ ಇರಬಹುದು. ಅದು ಇತರರಿಗಿಂತ ಈ ಮಕ್ಕಳಲ್ಲಿ ಹೆಚ್ಚು. ಎಂಡೋಸ್ಕೊಪಿಯಲ್ಲಿ ಸಣ್ಣ ಚೂರನ್ನು ತೆಗೆದು ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ.

ದೀರ್ಘಕಾಲ ಆಮ್ಲ ತಾಗುವ ಅನ್ನನಾಳದ ಒಳಪದರ ಮಾರ್ಪಾಡು ಹೊಂದುವ ಬ್ಯಾರೆಟ್ ಎಂಬ ಸ್ಥಿತಿಯೂ ಇವರಲ್ಲಿ ಸಾಮಾನ್ಯ ಜನರಿಗಿಂತ ಹೆಚ್ಚಾಗಿ, ಚಿಕ್ಕ ವಯಸ್ಸಿನಲ್ಲಿಯೇ ಕಂಡುಬಂದಿದೆ. ಮುಂದೆ ಕ್ಯಾನ್ಸರ್‌ಗೆ ತಿರುಗಿದ ಬೆರಳೆಣಿಕೆಯ ಪ್ರಕರಣಗಳೂ ವರದಿಯಾಗಿವೆ. ಲಕ್ಷಣವಿರಲಿ, ಇಲ್ಲದಿರಲಿ, ಬಾಲ್ಯದಲ್ಲಿ ಮೂರು ಬಾರಿ ಎಂಡೋಸ್ಕೊಪಿ ಆಗಬೇಕೆಂದು 2016ರ ಮಾರ್ಗಸೂಚಿ ಹೇಳಿದ್ದು ಇದಕ್ಕಾಗಿ: ಆಮ್ಲದ ಔಷಧಿ ನಿಲ್ಲಿಸಿದ ಮೇಲೆ ಒಮ್ಮೆ, 10 ವರ್ಷ ತುಂಬುವುದರೊಳಗೆ ಒಮ್ಮೆ, ವಯಸ್ಕರ ವೈದ್ಯರಿಗೆ ಹಸ್ತಾಂತರಿಸುವಾಗ ಒಮ್ಮೆ.

ದೂರ ಮತ್ತು ದಾಖಲೆ

ಅನ್ನನಾಳ ಸೇರಿದಂತೆ ಜೀರ್ಣಾಂಗದ ಏಳು ಹುಟ್ಟುನ್ಯೂನತೆಗಳ ಬಗ್ಗೆ 74 ದೇಶಗಳ 264 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2021ರಲ್ಲಿ ಪ್ರಕಟಿಸಿತು. ಮರಣ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ 5.6, ಮಧ್ಯಮ ಆದಾಯದ ದೇಶಗಳಲ್ಲಿ ಶೇ 20.4, ಬಡ ದೇಶಗಳಲ್ಲಿ ಶೇ 39.8. ಭಾರತ ಮಧ್ಯಮ ಆದಾಯದ ಗುಂಪಿಗೆ ಸೇರುತ್ತದೆ.

ನಮ್ಮಲ್ಲಿ ಹಾನಿ ಆರಂಭವಾಗುವುದು ಶಸ್ತ್ರಚಿಕಿತ್ಸೆಗೂ ಮೊದಲು. ಗರ್ಭಜಲ ವಿಪರೀತ ಹೆಚ್ಚಿರುವುದು, ಸ್ಕ್ಯಾನ್‌ನಲ್ಲಿ ಜಠರ ಕಾಣದಿರುವುದು ಮುನ್ಸೂಚನೆಗಳಾದರೂ ಹೆಚ್ಚಿನ ಪ್ರಕರಣಗಳು ಗೊತ್ತಾಗುವುದು ಹೆರಿಗೆಯ ನಂತರವೇ. ಅಷ್ಟರಲ್ಲಿ ಕೆಲವರು ಹಸುಳೆಗೆ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಿರುತ್ತಾರೆ. ಬಾಯಿಯಲ್ಲಿ ನೊರೆ ಬರುವ ಮಗುವಿಗೆ ಏನನ್ನೂ ಕುಡಿಸದೆ, ತಲೆಯ ಭಾಗ ಎತ್ತರವಾಗಿಟ್ಟು, ಮೈ ಬೆಚ್ಚಗಿರಿಸಿ, ಜೊಲ್ಲನ್ನು ಆಗಾಗ ಹೀರಿ ತೆಗೆಯುತ್ತಾ ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಸಾಗಿಸಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರಬಾ ಆಸ್ಪತ್ರೆಗಳಲ್ಲಿ ಈ ವಿಭಾಗವಿದೆ. ಆದರೆ ರಾಜ್ಯದ ಹಲವು ಭಾಗಗಳಿಂದ ಇಂತಹ ಕೇಂದ್ರವನ್ನು ತಲುಪಲು ಹಲವು ಗಂಟೆಗಳ ಪ್ರಯಾಣವೇ ಬೇಕು. ಮೊದಲ ಬಾರಿ ಆ ಪ್ರಯಾಣ ಮಾಡಿದ ಕುಟುಂಬ, ಮೂರು ವಾರಕ್ಕೊಮ್ಮೆ ಹಿಗ್ಗಿಸಲು ಬನ್ನಿ ಎಂದಾಗ ಕೂಲಿ, ಬಸ್ ಖರ್ಚು, ಮನೆಯಲ್ಲಿರುವ ಇನ್ನೊಂದು ಮಗುವಿನ ಲೆಕ್ಕ ಹಾಕಬೇಕಾಗುತ್ತದೆ.

ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿ ತಪಾಸಣೆಗೆ 30 ಆರೋಗ್ಯ ಸಮಸ್ಯೆಗಳನ್ನು ಗುರುತಿಸಿತ್ತು. ಅದರ ಹುಟ್ಟುನ್ಯೂನತೆಗಳ ಪಟ್ಟಿಯಲ್ಲಿ ಸೀಳುತುಟಿ, ವಕ್ರಪಾದ, ಹೃದಯದ ದೋಷ, ಕಣ್ಣಿನ ಪೊರೆ ಸೇರಿದಂತೆ ಒಂಬತ್ತು ಹೆಸರುಗಳಿದ್ದವು. ಅನ್ನನಾಳದ ನ್ಯೂನತೆ ಇರಲಿಲ್ಲ. ಕಣ್ಣಿಗೆ ಕಾಣುವ ನ್ಯೂನತೆಗೆ ಸಿಗುವ ಗಮನ ಕಾಣದ್ದಕ್ಕೆ ಸಿಗುವುದಿಲ್ಲವೆಂದರೆ ತಪ್ಪಾಗಲಾರದು.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಸಾರಾಂಶ ಪತ್ರದಲ್ಲಿ ನ್ಯೂನತೆಯ ಬಗೆ, ಎರಡು ತುದಿಗಳ ನಡುವೆ ಇದ್ದ ಅಂತರ, ಸೋರಿಕೆ ಆಗಿತ್ತೇ ಎಂಬ ವಿವರ, ಹೃದಯ ಮತ್ತು ಮೂತ್ರಪಿಂಡಗಳ ಸ್ಕ್ಯಾನ್ ಫಲಿತಾಂಶ, ಆಮ್ಲದ ಔಷಧಿಯ ಪ್ರಮಾಣ ಇವೆಲ್ಲ ಬರೆದಿವೆಯೇ ಎಂದು ತಂದೆ–ತಾಯಿ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಪ್ರತಿ ಬಾರಿ ಹಿಗ್ಗಿಸಿದ ದಿನಾಂಕ ಮತ್ತು ಬಲೂನಿನ ಅಳತೆಯನ್ನು ಅದೇ ಕಡತಕ್ಕೆ ಸೇರಿಸಬೇಕು. ಉಸಿರು ನಿಂತ ಮಗುವಿಗೆ ಕೃತಕ ಉಸಿರಾಟ ಕೊಡುವುದನ್ನು ಮನೆಗೆ ಹೊರಡುವ ಮುನ್ನ ದಾದಿಯರಿಂದ ಕಲಿತುಕೊಳ್ಳಬೇಕು, ತಾಯಿಯೊಬ್ಬಳೇ ಅಲ್ಲ, ಮಗುವನ್ನು ನೋಡಿಕೊಳ್ಳುವ ಅಜ್ಜಿಯೂ. ಊರಿನ ಹತ್ತಿರದ ವೈದ್ಯರಿಗೆ ಕಡತದ ಒಂದು ಪ್ರತಿಯನ್ನು ಮೊದಲೇ ಕೊಟ್ಟಿಟ್ಟರೆ, ರಾತ್ರಿ ವೇಳೆ ಮಗುವನ್ನು ಎತ್ತಿಕೊಂಡು ಓಡಿದಾಗ ಎಲ್ಲವನ್ನೂ ಆರಂಭದಿಂದ ವಿವರಿಸಬೇಕಾಗಿ ಬರುವುದಿಲ್ಲ.